ಎಳೆಯ ಉಸಿರಿಗೊಂದು ಆಸರೆ

ಕೇಳುಗರೆಲ್ಲರಿಗೂ ನಮಸ್ಕಾರ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಬಳಿ ಒಂದು ರಾತ್ರಿ ಕಳೆದವರು ಒಂದು ಸದ್ದನ್ನು ಮರೆಯಲಾರರು. ಅದು ಅಳುವಲ್ಲ. ಪ್ರತಿ ಸಲ ಉಸಿರು ಬಿಡುವಾಗಲೂ ಗಂಟಲಿನಿಂದ ಹೊರಡುವ ಸಣ್ಣ ನರಳಿಕೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ತೆಳು ಚರ್ಮ ಒಳಕ್ಕೆ ಜಗ್ಗುತ್ತದೆ, ಮೂಗಿನ ಹೊಳ್ಳೆಗಳು ಅರಳುತ್ತವೆ. ಅಂಗೈಗಿಂತ ಚಿಕ್ಕದಾದ ಎದೆ ನಿಮಿಷಕ್ಕೆ 70, 80 ಸಲ ಏರಿಳಿಯುತ್ತದೆ. ತಾಯಿಯ ಕಿವಿಗೆ ಅದು ಸಂಕಟದ ಸದ್ದು. ಸಂಕಟವೇ ಹೌದು. ಅದರ ಜೊತೆಗೆ, ಮಗು ತನ್ನನ್ನು ತಾನು ಉಳಿಸಿಕೊಳ್ಳಲು ಮಾಡುತ್ತಿರುವ ಕೆಲಸವೂ ಹೌದು. ಆ ಕೆಲಸವೇನೆಂದು ವೈದ್ಯರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಇವತ್ತು ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಅವುಗಳ ಒಳಮೈ ಸದಾ ತೇವವಾಗಿರುತ್ತದೆ. ತೇವವಾದದ್ದು ಒಂದಕ್ಕೊಂದು ಅಂಟಿಕೊಳ್ಳಲು ನೋಡುತ್ತದೆ, ಗೂಡು ಮುಚ್ಚಿಕೊಳ್ಳುತ್ತದೆ. ಹಾಗಾಗದಂತೆ ಶ್ವಾಸಕೋಶವೇ ಸಾಬೂನಿನಂಥ ಒಂದು ಜಾರುವಸ್ತುವನ್ನು ಸ್ರವಿಸುತ್ತದೆ. ಅದರ ಹೆಸರು ಸರ್ಫ್ಯಾಕ್ಟಂಟ್. ಗರ್ಭದಲ್ಲಿ ಸುಮಾರು 24ನೇ ವಾರದಿಂದ ಇದು ತಯಾರಾಗತೊಡಗಿದರೂ ಸಾಕಷ್ಟು ಕೂಡಿಬರುವುದು 35ನೇ ವಾರದ ಸುಮಾರಿಗೆ. ಅದಕ್ಕಿಂತ ಬಹಳ ಮೊದಲೇ ಹುಟ್ಟಿದ ಮಗುವಿನ ಗಾಳಿಗೂಡುಗಳು ಉಸಿರು ಬಿಟ್ಟಾಗಲೆಲ್ಲ ಮುಚ್ಚಿಹೋಗುತ್ತವೆ. ಹೊಸ ಬಲೂನಿಗೆ ಮೊದಲ ಊದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿದೆ. ಈ ಮಗುವಿಗೆ ಪ್ರತಿಯೊಂದು ಉಸಿರೂ ಆ ಮೊದಲ ಊದು. ಒಂದೆರಡು ದಿನದಲ್ಲಿ ಅದು ದಣಿದುಬಿಡುತ್ತದೆ.

ಹೀಗೆ ತೀರಿಕೊಂಡ ಮಕ್ಕಳ ಶ್ವಾಸಕೋಶದಲ್ಲಿ ಗಾಜಿನಂಥ ಒಂದು ಪೊರೆ ಕಾಣುತ್ತಿತ್ತು. ಆ ಪೊರೆಯೇ ರೋಗವೆಂದು ಬಹಳ ವರ್ಷ ನಂಬಿದ್ದರು. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ಎಂಬ ಸಂಶೋಧಕರು, ಅಲ್ಲಿ ಇರುವ ಪೊರೆಯನ್ನು ಬಿಟ್ಟು ಅಲ್ಲಿ ಏನು ಇಲ್ಲ ಎಂದು ಹುಡುಕಿದರು. ಇಲ್ಲದೇ ಇದ್ದದ್ದು ಸರ್ಫ್ಯಾಕ್ಟಂಟ್. ಕಾರಣ ತಿಳಿಯಿತು, ಮದ್ದು ಮಾತ್ರ ಇನ್ನೂ ದೂರವಿತ್ತು. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದಾರು ವಾರ ಮುಂಚಿತವಾಗಿ ಹುಟ್ಟಿದ. ತೂಕ ಎರಡು ಕಿಲೋ ದಾಟಿತ್ತು. ಇದೇ ತೊಂದರೆಯಿಂದ 39 ಗಂಟೆಗಳಲ್ಲಿ ತೀರಿಕೊಂಡ. ಆ ಅಧಿಕಾರ, ಆ ಆಸ್ಪತ್ರೆ ಯಾವುದೂ ಅವನಿಗೆ ಉಸಿರು ಕೊಡಲಾಗಲಿಲ್ಲ. ಇವತ್ತು ಒಳ್ಳೆಯ ಆರೈಕೆ ಸಿಕ್ಕರೆ ಅಂಥ ಮಗು ಬದುಕಿ ಮನೆಗೆ ಹೋಗುವುದೇ ವಾಡಿಕೆ.

ಈಗ ಆ ನರಳಿಕೆಯ ಮಾತಿಗೆ ಬರೋಣ. ಮಗು ನರಳುವಾಗ ಗಂಟಲಿನ ಬಾಗಿಲನ್ನು ಅರ್ಧ ಮುಚ್ಚಿಕೊಂಡು ಉಸಿರು ಬಿಡುತ್ತದೆ. ಹಾಗೆ ಮಾಡಿದರೆ ಎದೆಯೊಳಗೆ ಸ್ವಲ್ಪ ಒತ್ತಡ ಉಳಿಯುತ್ತದೆ, ಗಾಳಿಗೂಡುಗಳು ಪೂರ್ತಿ ಮುಚ್ಚುವುದಿಲ್ಲ. ಗಂಟಲೊಳಗೆ ನಳಿಕೆ ಇಳಿಸಿದಾಗ ಈ ನರಳಿಕೆ ನಿಂತುಹೋಗುತ್ತಿತ್ತು, ಎಷ್ಟೋ ಸಲ ಮಗುವಿನ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತಿತ್ತು. ಸಹಾಯಕ್ಕೆಂದು ಹಾಕಿದ ನಳಿಕೆಯೇ ಮಗು ಕಂಡುಕೊಂಡಿದ್ದ ಉಪಾಯವನ್ನು ಕಿತ್ತುಕೊಂಡಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಮಗು ಮಾಡುತ್ತಿದ್ದುದನ್ನೇ ಉಪಕರಣದಿಂದ ಮಾಡಿಸಿದರು: ಉಸಿರಾಟ ಮಗುವಿನದೇ, ಗಾಳಿಗೂಡು ಮುಚ್ಚದಂತೆ ಹಗುರವಾದ ನಿರಂತರ ಒತ್ತಡ ಮಾತ್ರ ಹೊರಗಿನದು. 1971ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 20 ಮಕ್ಕಳಿದ್ದರು, 16 ಮಕ್ಕಳು ಬದುಕಿದರು. ಇದನ್ನೇ ನಾವು ಸಿಪ್ಯಾಪ್ ಎನ್ನುತ್ತೇವೆ.

ಇದರ ಒಂದು ರೂಪ ಎಷ್ಟು ಸರಳವೆಂದರೆ ಕೇಳಿದವರು ನಂಬುವುದಿಲ್ಲ. ಮಗುವಿನ ಮೂಗಿಗೆ ಎರಡು ಮೆತ್ತನೆಯ ಪುಟ್ಟ ಕೊಳವೆಗಳು. ಬೆಚ್ಚಗೆ ಮಾಡಿದ ತೇವದ ಗಾಳಿ ಅವುಗಳ ಮೂಲಕ ಹರಿಯುತ್ತದೆ. ಹೊರಹೋಗುವ ಕೊಳವೆಯ ತುದಿಯನ್ನು ಒಂದು ಬಾಟಲಿಯ ನೀರಿನಲ್ಲಿ ಮುಳುಗಿಸಿರುತ್ತಾರೆ. ಐದು ಸೆಂಟಿಮೀಟರ್ ಮುಳುಗಿದ್ದರೆ ಸುಮಾರು ಅಷ್ಟು ನೀರಿನ ಒತ್ತಡ ಎದೆಗೆ ಸಿಗುತ್ತದೆ. ಬಾಟಲಿಯಲ್ಲಿ ಗುಳುಗುಳು ಗುಳ್ಳೆ ಏಳುತ್ತಿರಬೇಕು. ರಾತ್ರಿ ಪಾಳಿಯ ದಾದಿಯರ ಒಂದು ಕಿವಿ ಸದಾ ಆ ಗುಳ್ಳೆಗಳ ಕಡೆಗೇ ಇರುವುದನ್ನು ನಾನು ಕಂಡಿದ್ದೇನೆ. ಗುಳ್ಳೆಯ ಸದ್ದು ನಿಂತಿತೆಂದರೆ ಎದ್ದು ಓಡುತ್ತಾರೆ. ಮೂಗಿನ ಕೊಳವೆ ಜಾರಿರುತ್ತದೆ, ಇಲ್ಲವೇ ಮಗು ಬಾಯಿ ತೆರೆದಿರುತ್ತದೆ. ಗದ್ದವನ್ನು ಬೆರಳಿನಿಂದ ಹಗುರವಾಗಿ ಮೇಲೆತ್ತಿ ಹಿಡಿದರೆ ಗುಳ್ಳೆ ಮತ್ತೆ ಏಳುತ್ತದೆ. ಈ ಒಂದು ಬೆರಳಿನ ಕೆಲಸವನ್ನು ನಾನು ಯಾವ ದೊಡ್ಡ ಚಿಕಿತ್ಸೆಗೂ ಕಡಿಮೆ ಎನ್ನುವುದಿಲ್ಲ.

ಇಲ್ಲದ ಸರ್ಫ್ಯಾಕ್ಟಂಟನ್ನು ಹೊರಗಿನಿಂದ ಕೊಡುವ ದಾರಿಯೂ ತೆರೆಯಿತು. 1980ರಲ್ಲಿ ಜಪಾನಿನ ಟೆಟ್ಸುರೊ ಫುಜಿವಾರಾ ಅವರು ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು ಹತ್ತು ಮಕ್ಕಳ ಶ್ವಾಸನಾಳಕ್ಕೆ ಕೊಟ್ಟು ಫಲ ಕಂಡರು. ಹಾಲಿನಂಥ ಬಿಳಿ ದ್ರವ, ಕೆಲವೇ ಮಿಲಿಲೀಟರ್. ಒಳಗಿಳಿದ ಸ್ವಲ್ಪ ಹೊತ್ತಿಗೆ ನೀಲಿಗಟ್ಟಿದ್ದ ತುಟಿ ಕೆಂಪೇರುವುದನ್ನು ನೋಡುವುದೇ ಒಂದು ಭಾಗ್ಯ.

ಇನ್ನು ಆಮ್ಲಜನಕದ ಕಥೆ. ಇದನ್ನು ಹೇಳುವಾಗ ನನ್ನ ಮನಸ್ಸು ಭಾರವಾಗುತ್ತದೆ. 1940ರ ದಶಕದಲ್ಲಿ ದಿನ ತುಂಬದ ಮಕ್ಕಳಿಗೆ ಆಮ್ಲಜನಕವನ್ನು ಧಾರಾಳವಾಗಿ ಕೊಡುತ್ತಿದ್ದರು. ಮಗು ನೀಲಿಯಾದರೆ ಆಮ್ಲಜನಕ ಕೊಡಬೇಕು, ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ. ಯಾರ ಮನಸ್ಸಿನಲ್ಲೂ ಕೆಡುಕು ಇರಲಿಲ್ಲ. ಆದರೆ ಬದುಕುಳಿದ ಮಕ್ಕಳು ಕುರುಡಾಗುತ್ತಿದ್ದರು. 1951ರಲ್ಲಿ ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್ ಎಂಬ ಮಕ್ಕಳ ವೈದ್ಯೆ ಆಮ್ಲಜನಕದ ಕಡೆಗೆ ಬೆರಳು ತೋರಿಸಿದರು. ಆ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗ ಅದನ್ನು ಖಚಿತಪಡಿಸಿತು. ಅಷ್ಟರಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. ಹೆದರಿದ ವೈದ್ಯರು ಆಮ್ಲಜನಕವನ್ನು ಬಿಗಿಹಿಡಿದರು. ಕಣ್ಣು ಉಳಿಯಿತು, ಆದರೆ ಸಾವು ಹೆಚ್ಚಿತು.

ಹದ ಎಲ್ಲಿದೆ ಎಂದು ಅಳೆದು ನೋಡಲು ಮುಂದೆ ಅರ್ಧ ಶತಮಾನವೇ ಬೇಕಾಯಿತು. 28 ವಾರಕ್ಕಿಂತ ಮೊದಲು ಹುಟ್ಟಿದ ಹತ್ತಿರ ಹತ್ತಿರ 5,000 ಮಕ್ಕಳನ್ನು ಹಲವು ದೇಶಗಳಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರಕ್ತದ ಆಮ್ಲಜನಕದ ಗುರಿ ಶೇಕಡ 85ರಿಂದ 89, ಇನ್ನೊಂದಕ್ಕೆ 91ರಿಂದ 95. ಕಡಿಮೆ ಗುರಿಯ ಗುಂಪಿನಲ್ಲಿ ಕಣ್ಣಿನ ಚಿಕಿತ್ಸೆ ಬೇಕಾದವರು ಕಡಿಮೆ, ತೀರಿಕೊಂಡವರು ಪ್ರತಿ ನೂರಕ್ಕೆ ಮೂವರಷ್ಟು ಹೆಚ್ಚು. ಬರಿಗಣ್ಣಿಗೆ ಎರಡೂ ಗುಂಪಿನ ಮಕ್ಕಳು ಒಂದೇ ಬಣ್ಣ, ಒಂದೇ ಚಟುವಟಿಕೆ. ಎಷ್ಟೇ ಅನುಭವಿ ವೈದ್ಯರಾದರೂ ಹಾಸಿಗೆಯ ಪಕ್ಕ ನಿಂತು ಈ ವ್ಯತ್ಯಾಸವನ್ನು ಕಾಣಲಾರರು. ತಮ್ಮ ಮಗುವನ್ನು ಪ್ರಯೋಗಕ್ಕೆ ಸೇರಿಸಲು ಒಪ್ಪಿದ ತಂದೆತಾಯಿಯರು ಇಲ್ಲದಿದ್ದರೆ ನಾವು ಇವತ್ತಿಗೂ ಊಹೆಯಲ್ಲೇ ಇರುತ್ತಿದ್ದೆವು. ಅವರ ಋಣ ದೊಡ್ಡದು.

ಕಾಫಿಯಲ್ಲಿರುವ ಕೆಫೀನ್ ಕೂಡ ಇಂಥ ಪರೀಕ್ಷೆ ದಾಟಿ ಬಂದ ಮದ್ದು. ತೀರಾ ಎಳೆಯ ಮಕ್ಕಳು ಉಸಿರಾಡುವುದನ್ನೇ ಮರೆಯುತ್ತಾರೆ. ಅಂಗಾಲಿಗೆ ಮೆಲ್ಲನೆ ತಟ್ಟಿ ನೆನಪಿಸಬೇಕಾಗುತ್ತದೆ. ಕೆಫೀನ್ ಮೆದುಳಿನ ಉಸಿರಾಟದ ಕೇಂದ್ರವನ್ನು ಎಚ್ಚರವಾಗಿಡುತ್ತದೆ. 2006ರಲ್ಲಿ ಪ್ರಕಟವಾದ, 2,006 ಮಕ್ಕಳ ಪ್ರಯೋಗದಲ್ಲಿ ಅದು ಶ್ವಾಸಕೋಶದ ದೀರ್ಘಕಾಲದ ಹಾನಿಯನ್ನೂ ತಗ್ಗಿಸುವುದು ಕಂಡುಬಂತು.

ಮಗು ಹುಟ್ಟುವ ಮೊದಲೇ ಕೊಡಬಹುದಾದ ನೆರವಿನ ಸುಳಿವು ಒಂದು ಕುರಿಮರಿಯಿಂದ ಬಂತು. ನ್ಯೂಜಿಲೆಂಡಿನ ಗ್ರಹಾಮ್ ಲಿಗ್ಗಿನ್ಸ್ ಹೆರಿಗೆ ಹೇಗೆ ಶುರುವಾಗುತ್ತದೆಂದು ಕುರಿಗಳಲ್ಲಿ ಅಭ್ಯಾಸ ಮಾಡುತ್ತಿದ್ದರು. ಗರ್ಭದಲ್ಲೇ ಸ್ಟೀರಾಯ್ಡ್ ಪಡೆದು ತೀರಾ ಬೇಗ ಹುಟ್ಟಿದ ಒಂದು ಮರಿ, ಸತ್ತಿರಬೇಕಾದದ್ದು, ಉಸಿರಾಡುತ್ತಿತ್ತು. ಆ ಅಚ್ಚರಿಯನ್ನು ಅವರು ಹಾಗೇ ಬಿಡಲಿಲ್ಲ. ರಾಸ್ ಹೋವಿ ಅವರೊಡನೆ ಗರ್ಭಿಣಿಯರಲ್ಲಿ ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು: ಬೇಗ ಹೆರಿಗೆಯಾಗುವಂತಿರುವ ತಾಯಿಗೆ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಆದರೆ ಇದು ಎಲ್ಲೆಡೆ ರೂಢಿಗೆ ಬರಲು ಎರಡು ದಶಕ ಹಿಡಿಯಿತು. ಆ ತಡದಲ್ಲಿ ಎಷ್ಟು ತೊಟ್ಟಿಲುಗಳು ಬರಿದಾದವೋ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ತಾಯಿಯ ಎದೆಯ ಮಾತು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಎಡ್ಗರ್ ರೇ ಎಂಬ ವೈದ್ಯರು ಮಕ್ಕಳನ್ನು ತಾಯಂದಿರ ಎದೆಗೆ ಬರಿಮೈಯಲ್ಲಿ ಅಪ್ಪಿ ಮಲಗಿಸತೊಡಗಿದರು. ಇದೇ ಕಾಂಗರೂ ಆರೈಕೆ. ಬಹಳ ವರ್ಷಗಳವರೆಗೆ ಇದು ಸ್ಥಿತಿ ಸುಧಾರಿಸಿದ ಮಕ್ಕಳಿಗೆ ಮಾತ್ರ ಎಂಬ ನಿಯಮವಿತ್ತು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನ ಪ್ರಕಟವಾಯಿತು. ಒಂದರಿಂದ 1.8 ಕಿಲೋ ತೂಕದೊಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ, ಸ್ಥಿತಿ ಸುಧಾರಿಸುವವರೆಗೆ ಕಾಯದೆ, ತಾಯಿಯ ಎದೆಗೆ ಕೊಟ್ಟರು. ಮೊದಲ 28 ದಿನಗಳ ಸಾವು ಶೇಕಡ 15.7ರಿಂದ 12ಕ್ಕೆ ಇಳಿದಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಿಸಿತು.

ತೀವ್ರ ನಿಗಾ ಘಟಕವೆಂದರೆ ತಾಯಿ ಗಾಜಿನಾಚೆ ನಿಂತು ನೋಡುವ ಜಾಗವಾಗಿತ್ತು. ಈಗ ಆಕೆಗೂ ಒಳಗೆ ಹಾಸಿಗೆ ಹಾಕುವ ಆಸ್ಪತ್ರೆಗಳಿವೆ. ಅಲ್ಲಿ ಸಿಪ್ಯಾಪ್ ಕೊಳವೆಯ ಸಮೇತ ಮಗು ತಾಯಿಯ ಎದೆಯ ಮೇಲೆ ಕಪ್ಪೆಯಂತೆ ಕೈಕಾಲು ಮಡಚಿ ಮಲಗಿರುತ್ತದೆ, ತಲೆಗೆ ಉಣ್ಣೆಯ ಟೋಪಿ. ಪಕ್ಕದ ಬಾಟಲಿಯಲ್ಲಿ ಗುಳ್ಳೆಗಳು ಏಳುತ್ತಿರುತ್ತವೆ. ತಾಯಿ ಒಂದು ಬೆರಳಿನಿಂದ ಆ ಪುಟ್ಟ ಗದ್ದವನ್ನು ಎತ್ತಿ ಹಿಡಿದಿರುತ್ತಾಳೆ.