ಗಿಳಿಗೆ ಬೇಕಾದ ಪೊಟರೆ

ಕೇಳುಗರಿಗೆ ನಮಸ್ಕಾರ.

ಕುಶಾಲನಗರದ ಕಡೆ ಭತ್ತ ಹಾಲು ತುಂಬುವ ಹೊತ್ತಿಗೆ ಕೀ ಕೀ ಎಂದು ಕಿರುಚುತ್ತ ಗದ್ದೆಗೆ ಇಳಿಯುವ ಹಸಿರು ಹಿಂಡು ಇದೆಯಲ್ಲ, ಇವತ್ತಿನ ಮಾತು ಅದರದ್ದು. ಗುಲಾಬಿ ಕೊರಳಪಟ್ಟಿಯ ಗಿಳಿ. ಎಲ್ಲರಿಗೂ ಗೊತ್ತಿರುವ ಹಕ್ಕಿಯೇ. ಆದರೆ ಕೊಡಗಿನಲ್ಲಿ ಹಸಿರಾಗಿ ಹಾರಿದ್ದೆಲ್ಲ ಅದೇ ಅಲ್ಲ.

ಕೊಕ್ಕಿನಿಂದ ಬಾಲದ ತುದಿಗೆ ಇದು ಸುಮಾರು 40 ಸೆಂಟಿಮೀಟರ್ ಉದ್ದ, ಅದರಲ್ಲಿ ಅರ್ಧಕ್ಕೂ ಹೆಚ್ಚು ಬಾಲವೇ. ಗಂಡಿಗೆ ಗದ್ದದಿಂದ ಹೊರಟ ಕಪ್ಪು ಗೆರೆ, ಹಿಂಗತ್ತಿನಲ್ಲಿ ಗುಲಾಬಿ. ಈ ಪಟ್ಟಿ ಮೂಡಲು ಮೂರು ವರ್ಷ ಬೇಕು. ಹಾಗಾಗಿ ಪಟ್ಟಿ ಕಾಣಲಿಲ್ಲವೆಂದು ಹೆಣ್ಣು ಎಂದುಬಿಡಬೇಡಿ, ಎಳೆಯ ಗಂಡೂ ಇರಬಹುದು. ಮೇಲೆ ಭಾಗಮಂಡಲದ ಕಡೆಯ ಮಳೆಕಾಡು, ಕಾಫಿ ತೋಟಗಳಿಗೆ ಹೋದರೆ ಸಿಗುವುದು ನೀಲಿ ರೆಕ್ಕೆಯ ಗಿಳಿ. ಬೂದು ಮೈ, ಹಳದಿ ತುದಿಯ ನೀಲಿ ಬಾಲ. ಗಂಡಿನ ಕೊಕ್ಕು ಕೆಂಪು, ಹೆಣ್ಣಿನದು ಕಪ್ಪು. ಪಶ್ಚಿಮಘಟ್ಟ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಇನ್ನೊಂದು, ಗಂಡಿಗೆ ನೇರಳೆಗೆಂಪು ತಲೆ, ಹೆಣ್ಣಿಗೆ ಬೂದು ತಲೆ ಇರುವ ಗಿಳಿ. ಇದರ ಕೂಗು ಕಿವಿಗೆ ಹಿತ. ಹಾಲುವಾಣದ ಹೂವಿಗೆ ಬಂದು, ರಾತ್ರಿ ಬಾವಲಿಯಂತೆ ತಲೆಕೆಳಗಾಗಿ ಮಲಗುವ ಗುಬ್ಬಿಗಾತ್ರದ ಮೋಟುಬಾಲದ ಗಿಳಿಯೂ ನಮ್ಮಲ್ಲಿದೆ.

ಈ ನಾಲ್ಕರಲ್ಲಿ ಊರಿಗೆ ಹೊಂದಿಕೊಂಡದ್ದು ಗುಲಾಬಿ ಪಟ್ಟಿಯದು. ಆಫ್ರಿಕಾದ ಒಣನಾಡಿನಿಂದ ನಮ್ಮವರೆಗೆ ಅದರ ಸ್ವಂತ ನೆಲ. ಪಂಜರದಿಂದ ತಪ್ಪಿಸಿಕೊಂಡವು ಲಂಡನ್ನಿನಲ್ಲೂ ಸಂಸಾರ ಹೂಡಿವೆ. ಬ್ರಸೆಲ್ಸ್‌ನಲ್ಲಿ 1974ರಲ್ಲಿ ಬಿಟ್ಟದ್ದು ಸುಮಾರು 40 ಹಕ್ಕಿ, ಇಂದು ಅಲ್ಲಿ ಸಾವಿರಾರು. ಚಳಿ ತಡೆದದ್ದು ಹೇಗೆ? ಉಣ್ಣುವುದರಲ್ಲಿ ಹಟವಿಲ್ಲ: ಕಾಳು, ಹಣ್ಣು, ಮೊಗ್ಗು, ಮಕರಂದ, ಮನೆಯವರು ತೂಗುಹಾಕಿದ ಶೇಂಗಾ, ಎಲ್ಲವೂ ಆದೀತು. ಕಾಲಿನ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಅದರಲ್ಲಿ ಹಣ್ಣು ಹಿಡಿದು ಕೈಯಿಂದ ತಿಂದಂತೆ ತಿನ್ನುತ್ತದೆ. ಮೇಲಿನ ಕೊಕ್ಕು ತಲೆಬುರುಡೆಗೆ ಕೀಲಿನಂತೆ ಸೇರಿ ಅಲುಗಾಡುವುದರಿಂದ ಗಟ್ಟಿ ಬೀಜವೂ ಒಡೆಯುತ್ತದೆ, ಮರ ಹತ್ತುವಾಗ ಅದೇ ಮೂರನೇ ಕಾಲು.

ಒಂದೇ ಒಂದರಲ್ಲಿ ಅದು ಪರಾವಲಂಬಿ: ಪೊಟರೆ. ಹುಲ್ಲುಕಡ್ಡಿ ತಂದು ಗೂಡು ಕಟ್ಟುವುದು ಗಿಳಿಗೆ ಬರದು. ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟ ತೂತು, ಇಲ್ಲವೆ ಕೊಂಬೆ ಮುರಿದಲ್ಲಿ ಕೊಳೆತು ಆದ ಟೊಳ್ಳು ಬೇಕು. ಬಾಯಿಯನ್ನು ಕೊಕ್ಕಿನಿಂದ ಕೊರೆದು ಅಗಲ ಮಾಡಿಕೊಳ್ಳುತ್ತದೆ, ಒಳಗಿನ ಮರದ ಪುಡಿಯ ಮೇಲೇ ಮೊಟ್ಟೆ. ಹಳೆ ಗೋಡೆಯ ಬಿರುಕೂ ಆಗುತ್ತದೆ. ಮೈನಾಗಳ ಜೊತೆ ಜಗಳವಂತೂ ತಪ್ಪಿದ್ದಲ್ಲ. ಬೇಸಿಗೆಗೆ ಮೊದಲೇ ಜೋಡಿ ಕೂಡಿ, ಸಾಮಾನ್ಯವಾಗಿ ಮೂರರಿಂದ ಐದು ಬಿಳಿ ಮೊಟ್ಟೆ ಇಡುತ್ತದೆ. ಹೆಣ್ಣು ಸುಮಾರು 22 ದಿನ ಕಾವು ಕೂರುತ್ತದೆ, ಗಂಡು ತಂದು ಉಣಿಸುತ್ತದೆ. ಮರಿ ಹೊರಬರಲು ಆರೇಳು ವಾರ. ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ. ಆಹಾರ ಕಡಿಮೆಯಾದರೆ ಕೊನೆಗೆ ಹುಟ್ಟಿದ ಚಿಕ್ಕ ಮರಿಯೇ ಮೊದಲು ಸಾಯುವುದು. ಕೇರೆಹಾವು, ಉಡಗಳ ಕಾಟವೂ ಇದೆ.

ತೋಟದಲ್ಲಿ ಎಡವಟ್ಟಾಗುವುದು ಇಲ್ಲೇ. ಮಳೆಗಾಲಕ್ಕೆ ಮುಂಚೆ ನೆರಳುಮರಗಳ ಕೊಂಬೆ ಸವರುವ ಮರಗಸಿಯಲ್ಲಿ ಒಣಕೊಂಬೆ, ಟೊಳ್ಳುಮರಗಳು ಮೊದಲು ಹೋಗುತ್ತವೆ, ಒಳಗೆ ಮರಿಗಳಿರುವ ಸಮಯವೂ ಅದೇ. ಕಡಿಯುವ ಮೊದಲು ಕಾಂಡಕ್ಕೆ ಕೋಲಿನಿಂದ ತಟ್ಟಿ, ಸ್ವಲ್ಪ ಕಾದು ನೋಡಿ. ಹಕ್ಕಿ ಹೊರಗೆ ಹಾರಿದರೆ ಆ ಮರವನ್ನು ಒಂದೆರಡು ತಿಂಗಳು ಬಿಡಿ. ಹಾರದಿದ್ದರೂ ಒಳಗೆ ಇಣುಕಿ ನೋಡುವುದು ಒಳ್ಳೆಯದು, ತಾಯಿ ಆಹಾರಕ್ಕೆ ಹೋಗಿರಬಹುದು.

ಬೆಳೆಗೆ ಹಾನಿ ಮಾಡುತ್ತದೆ ಎಂಬುದು ನಿಜ. ತಿಂದದ್ದಕ್ಕಿಂತ ಕಚ್ಚಿ ಬಿಸಾಡುವುದೇ ಹೆಚ್ಚು. ಮುಸುಕಿನ ಜೋಳದಲ್ಲಿ ಹೊಲದಂಚಿನ ಎರಡು ಮೂರು ಸಾಲುಗಳಿಗೇ ಮೊದಲ ದಾಳಿ. ಆ ಸಾಲಿನ ತೆನೆಗಳಿಗೆ ಅದೇ ಗಿಡದ ಎಲೆ ಸುತ್ತಿಬಿಡಿ, ಕಾಣದ ತೆನೆಗೆ ಅದು ಅಷ್ಟಾಗಿ ಕೈಹಾಕದು. ಹೊಳೆಯುವ ರಿಬ್ಬನ್ನನ್ನು ತೆನೆಗಿಂತ ಸ್ವಲ್ಪ ಮೇಲೆ, ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್‌ಗುಟ್ಟಿ ಹೆದರಿಸುತ್ತದೆ. ಆದರೆ ಕೆಲವೇ ದಿನಕ್ಕೆ ಗಿಳಿ ಅದಕ್ಕೆ ಒಗ್ಗಿಹೋಗುತ್ತದೆ. ತೆನೆ ಬಲಿಯುವ ಕಡೇ ದಿನಗಳಿಗೆ ಮಾತ್ರ ಕಟ್ಟಿ, ಜಾಗ ಬದಲಿಸುತ್ತಿರಿ. ದಾಳಿ ಬೆಳಿಗ್ಗೆ, ಸಂಜೆ ಹೆಚ್ಚು. ಮಧ್ಯಾಹ್ನ ಕಾವಲು ಕೂರುವುದು ವ್ಯರ್ಥ.

ಹಿಡಿಯುವುದು, ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮರಿ ಕೆಳಗೆ ಬಿದ್ದು ಸಿಕ್ಕಿದರೆ ಪೊಟರೆಗೇ ಮರಳಿ ಇಡಿ. ಮನುಷ್ಯರು ಮುಟ್ಟಿದ್ದಕ್ಕೆ ತಾಯಿ ಬಿಟ್ಟುಹೋಗುವುದಿಲ್ಲ. ಪುಕ್ಕ ತುಂಬಿದ ಮರಿಯಾದರೆ ನಾಯಿ ಬೆಕ್ಕಿಗೆ ಎಟುಕದ ಕೊಂಬೆಯ ಮೇಲೆ ಕೂರಿಸಿದರೆ ಸಾಕು. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿಟ್ಟು, ಅರಣ್ಯ ಇಲಾಖೆಯವರಿಗೆ ತಿಳಿಸಿ. ಹಾಲು ಬೇಡ, ಹಕ್ಕಿಗೆ ಅದು ಜೀರ್ಣವಾಗದು. ನೀರನ್ನೂ ಬಾಯಿಗೆ ಸುರಿಯಬೇಡಿ: ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ, ಹನಿ ತಪ್ಪಿದರೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ.