ತಣ್ಣಗಿನ ಹೊಟ್ಟೆ, ಬೆಚ್ಚಗಿನ ಸ್ವಾಗತ

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷಿನ ಫಿಗರ್ಸ್ ಆಫ್ ಸ್ಪೀಚ್, ಅಂದರೆ ಅಲಂಕಾರಗಳು, ಎಂದ ಕೂಡಲೇ ನಮ್ಮ ಮಕ್ಕಳು ಒಂದು ಸೂತ್ರ ಬಾಯಿಪಾಠ ಮಾಡಿಬಿಡುತ್ತಾರೆ: ‘ಲೈಕ್’ ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್. ಈ ಸೂತ್ರದಿಂದ ಅರ್ಥವಂತೂ ದಕ್ಕುವುದಿಲ್ಲ, ಎಷ್ಟೋ ಸಲ ಅಂಕವೂ ದಕ್ಕುವುದಿಲ್ಲ. ಹಾಗೆ ನೋಡಿದರೆ ಅಲಂಕಾರ ಈ ಭಾಗದವರಿಗೆ ಪರದೇಶದ ವಿದ್ಯೆಯೇನೂ ಅಲ್ಲ. ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ ರಚನೆಯಾದ ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಕ್ಕೇ ಮೀಸಲು. ಕನ್ನಡದ ಪಿರಿಯಡ್ಡಿನಲ್ಲಿ ಕಲಿತದ್ದನ್ನು ಇಂಗ್ಲಿಷಿನ ಪಿರಿಯಡ್ಡಿಗೆ ಒಯ್ದರೆ ಅರ್ಧ ಕೆಲಸ ಮುಗಿಯಿತು.

ಸಿಮಿಲಿ ಎಂದರೆ ನಮ್ಮ ಉಪಮೆ, ಅದಕ್ಕೆ ನಾಲ್ಕು ಅಂಗ. ‘ಹಿ ಈಸ್ ಆಸ್ ಬ್ರೇವ್ ಆಸ್ ಎ ಲಯನ್’ ಎಂಬ ವಾಕ್ಯ ತೆಗೆದುಕೊಳ್ಳಿ. ‘ಹಿ’ ಉಪಮೇಯ, ಯಾವುದನ್ನು ಹೋಲಿಸುತ್ತೇವೋ ಅದು; ‘ಲಯನ್’ ಉಪಮಾನ, ಯಾವುದಕ್ಕೆ ಹೋಲಿಸುತ್ತೇವೋ ಅದು; ‘ಆಸ್’ ವಾಚಕ, ಹೋಲಿಕೆ ತೋರಿಸುವ ಪದ; ‘ಬ್ರೇವ್’ ಸಮಾನಧರ್ಮ, ಎರಡಕ್ಕೂ ಸೇರಿದ ಗುಣ. ನಾಲ್ಕೂ ಇವೆ, ಪೂರ್ಣೋಪಮೆ. ‘ಹಿ ಫಾಟ್ ಲೈಕ್ ಎ ಲಯನ್’ ಎಂದರೆ ಶೌರ್ಯ ಎಂಬ ಮಾತು ಕಾಣೆಯಾಯಿತು, ಲುಪ್ತೋಪಮೆ. ಇಂಗ್ಲಿಷಿನಲ್ಲಿ ಎರಡೂ ಸಿಮಿಲಿಯೇ. ಹುಡುಗರು ಎಡವುವುದು ಬೇರೆ ಕಡೆ. ‘ಐ ಲೈಕ್ ಟೀ’ ಎಂಬಲ್ಲಿ ‘ಲೈಕ್’ ಬರೀ ಕ್ರಿಯಾಪದ, ಹೋಲಿಕೆಯ ಮಾತೇ ಇಲ್ಲ. ‘ಕಲಬುರಗಿ ಈಸ್ ಆಸ್ ಹಾಟ್ ಆಸ್ ರಾಯಚೂರು’ ಎಂಬಲ್ಲಿ ಹೋಲಿಕೆ ಇದೆ, ಆದರೆ ಅಲಂಕಾರವಲ್ಲ. ಎರಡೂ ಊರು, ಎರಡೂ ಸುಡುವ ಊರು. ಥರ್ಮಾಮೀಟರು ಹಿಡಿದು ತಾಳೆ ನೋಡಬಹುದಾದ ಮಾತು. ‘ದ ರೋಡ್ ವಾಸ್ ಆಸ್ ಹಾಟ್ ಆಸ್ ಎ ತವಾ’ ಎಂದಾಗ ರಸ್ತೆಯ ಜಾತಿಯೇ ಬೇರೆ, ಹಂಚಿನ ಜಾತಿಯೇ ಬೇರೆ. ಅದು ಸಿಮಿಲಿ.

ಬಿಸಿಲಿನ ಮಾತು ಬಂತಲ್ಲ, ಅದನ್ನೇ ಇನ್ನೊಂದಿಷ್ಟು ಬಳಸೋಣ. ‘ಬಿಸಿಲು ಕೆಂಡದಂಗ ಅದ’ ಎಂದರೆ ಸಿಮಿಲಿ. ‘ಬಿಸಿಲಲ್ಲರಿ ಇದು, ಕೆಂಡ’ ಎಂದರೆ ಮೆಟಫರ್. ವಾಚಕ ಬಿದ್ದುಹೋಗಿ ಎರಡೂ ಒಂದೇ ಆದವು. ‘ಬಿಸಿಲು ಹೊರಗ ಕಾಲಿಡ್ಲಿಕ್ಕ ಬಿಡವಲ್ದು’ ಎಂದರೆ ಪರ್ಸಾನಿಫಿಕೇಶನ್, ತಡೆದು ನಿಲ್ಲಿಸುವ ಮನುಷ್ಯನ ಕೆಲಸವನ್ನು ಬಿಸಿಲಿಗೆ ಹಚ್ಚಿದ್ದೇವೆ. ‘ಫರಸಿ ಮ್ಯಾಲ ರೊಟ್ಟಿ ಸುಡಬಹುದು ನೋಡ್ರಿ’ ಎಂದರೆ ಹೈಪರ್ಬೊಲಿ, ನೆಲದ ಹಾಸುಗಲ್ಲಿನ ಬಿಸಿಯನ್ನು ಮಿತಿ ಮೀರಿ ಹಿಗ್ಗಿಸಿ ಹೇಳಿದ್ದೇವೆ. ಪರ್ಸಾನಿಫಿಕೇಶನ್ ಹೌದೋ ಅಲ್ಲವೋ ಎಂದು ತಿಳಿಯಲು ಕ್ರಿಯಾಪದ ನೋಡಬೇಕು. ‘ದ ವಿಂಡ್ ಈಸ್ ಬ್ಲೋಯಿಂಗ್’ ಎಂಬಲ್ಲಿ ಗಾಳಿ ತನ್ನ ಕೆಲಸ ತಾನು ಮಾಡುತ್ತಿದೆ. ‘ದ ವಿಂಡ್ ಈಸ್ ವೀಪಿಂಗ್’ ಎಂದಾಗ ಮನುಷ್ಯನ ಕೆಲಸ ಮಾಡುತ್ತಿದೆ.

ಮೆಟಫರನ್ನು ರೂಪಕ ಎಂದು ಅನುವಾದಿಸಿ ಸುಮ್ಮನಾಗುವವರಿಗೆ ಒಂದು ತೊಡಕಿದೆ. ಕುಸ್ತಿಯ ಕಣಕ್ಕೆ ಪೈಲ್ವಾನ ಇಳಿಯುತ್ತಾನೆ. ‘ಹಿ ಈಸ್ ಎ ಲಯನ್’ ಎಂದರೆ ಅವನೂ ಇದ್ದಾನೆ, ಸಿಂಹವೂ ಇದೆ. ನಮ್ಮ ಲೆಕ್ಕಕ್ಕೂ ರೂಪಕ. ಅವನ ಹೆಸರೇ ಎತ್ತದೆ ‘ದ ಲಯನ್ ಹ್ಯಾಸ್ ಎಂಟರ್ಡ್ ದ ರಿಂಗ್’ ಎಂದರೆ? ಉಪಮೇಯವನ್ನು ಉಪಮಾನ ನುಂಗಿಬಿಟ್ಟಿತು. ನಮ್ಮ ಶಾಸ್ತ್ರ ಇದನ್ನು ಅತಿಶಯೋಕ್ತಿಯ ಒಂದು ಬಗೆ ಎನ್ನುತ್ತದೆ, ಇಂಗ್ಲಿಷ್ ಇದನ್ನೂ ಮೆಟಫರ್ ಎಂದೇ ಕರೆಯುತ್ತದೆ. ಅತಿಶಯೋಕ್ತಿ ಎಂದರೆ ಹೈಪರ್ಬೊಲಿ ಎಂದಷ್ಟೇ ಕಲಿತ ಹುಡುಗ ಇಲ್ಲಿ ತಪ್ಪು ಬರೆಯುತ್ತಾನೆ. ಹಾಗೆಯೇ, ಒಂದನ್ನು ಇನ್ನೊಂದೋ ಎಂಬಂತೆ ಕಲ್ಪಿಸಿ ಹೇಳುವ ನಮ್ಮ ಉತ್ಪ್ರೇಕ್ಷೆಗೆ ಅಲ್ಲಿ ಬೇರೆ ಮನೆಯಿಲ್ಲ. ‘ಆಸ್ ಇಫ್’, ‘ಆಸ್ ದೋ’ ಎಂದು ಬಂದದ್ದು ಸಾಮಾನ್ಯವಾಗಿ ಸಿಮಿಲಿಯ ಪಾಲಿಗೇ ಹೋಗುತ್ತದೆ.

ಹೆಸರು ಗುರುತಿಸುವುದಕ್ಕಿಂತ ಕಷ್ಟದ್ದು ಅರ್ಥ ಹಿಡಿಯುವುದು. ಅಲ್ಲಿ ಎಡವಿಸುವುದು ನಾಲ್ಕನೆಯ ಅಂಗ, ಸಮಾನಧರ್ಮ. ಗೂಬೆಯನ್ನು ನೋಡಿ. ಇಂಗ್ಲಿಷರಿಗೆ ಅದು ಜಾಣತನದ ಗುರುತು, ‘ಆಸ್ ವೈಸ್ ಆಸ್ ಆನ್ ಔಲ್’. ನಮ್ಮಲ್ಲಿ ಯಾರನ್ನಾದರೂ ಗೂಬೆ ಎಂದು ನೋಡಿ, ಜಗಳವೇ ಆಗುತ್ತದೆ. ‘ಆಸ್ ಕೂಲ್ ಆಸ್ ಎ ಕ್ಯುಕಂಬರ್’ ಎಂದರೆ ಸೌತೆಕಾಯಿಯಷ್ಟು ತಂಪು ಎಂದಲ್ಲ, ಎಂಥ ಗದ್ದಲದಲ್ಲೂ ಗಾಬರಿಯಾಗದವನು ಎಂದು. ‘ವಾರ್ಮ್ ವೆಲ್ಕಮ್’ ಎಂದರೆ ಪ್ರೀತಿಯ ಸ್ವಾಗತ, ‘ಕೋಲ್ಡ್ ರಿಸೆಪ್ಷನ್’ ಎಂದರೆ ಮುಖ ಕೊಟ್ಟು ಮಾತಾಡದ ಸ್ವಾಗತ. ಚಳಿಯ ನಾಡಿನಲ್ಲಿ ಒಲೆಯ ಮುಂದಿನ ಜಾಗವೇ ಸುಖ, ಹಾಗಾಗಿ ಬಿಸಿ ಅಲ್ಲಿ ಪ್ರೀತಿಯಾಯಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮಲ್ಲಿ ಮುದುಕಿಯರು ಹರಸುವುದು ‘ನಿನ್ನ ಹೊಟ್ಟಿ ತಣ್ಣಗಿರ್ಲಿ’ ಎಂದು. ಈ ಹರಕೆಯನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಂದರೆ ಕೇಳಿದವರು ಡಾಕ್ಟರನ್ನು ಕರೆದಾರು. ಆದ್ದರಿಂದ ಹೋಲಿಕೆ ಸಿಕ್ಕಾಗ, ಈ ವಸ್ತುವಿನ ಯಾವ ಗುಣ ಇಲ್ಲಿ ಬೇಕಾಗಿದೆ ಎಂದು ಮೊದಲು ಕೇಳಿಕೊಳ್ಳಿ. ಉತ್ತರ ಹಿಂದುಮುಂದಿನ ಎರಡು ವಾಕ್ಯಗಳಲ್ಲಿ ಬಹುಮಟ್ಟಿಗೆ ಸಿಗುತ್ತದೆ. ಆಮೇಲೆ ಅದೇ ಗುಣಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಹುಡುಕಿ.

ಹೋಲಿಕೆಯೇ ಇಲ್ಲದ ಅಲಂಕಾರಗಳೂ ಉಂಟು. ‘ದ ಕೆಟಲ್ ಈಸ್ ಬಾಯ್ಲಿಂಗ್’ ಎಂದರೆ ಕುದಿಯುವುದು ಕಿತ್ತಲಿಯಲ್ಲ, ಒಳಗಿನ ನೀರು. ‘ಇಡೀ ಊರು ಜಾತ್ರಿಗೆ ಬಂದಿತ್ತು’ ಎಂದಾಗ ಮನೆಮಾರು ಎದ್ದು ಬಂದಿರುವುದಿಲ್ಲವಲ್ಲ, ಹಾಗೆ. ಇದಕ್ಕೆ ಮೆಟಾನಮಿ ಎನ್ನುತ್ತಾರೆ. ಇಲ್ಲಿ ಹೋಲಿಕೆಯಿಲ್ಲ, ಒಂದಕ್ಕೆ ಅಂಟಿಕೊಂಡ ಇನ್ನೊಂದರ ಹೆಸರಿದೆ, ಅಷ್ಟೆ.

ಲೈಟೊಟೀಸ್ ಎಂಬ ಹೆಸರು ಕೇಳಿ ಹೆದರುವವರುಂಟು. ವಿರುದ್ಧದ್ದನ್ನು ಅಲ್ಲಗಳೆದು ಇರುವುದನ್ನು ಹೇಳುವುದು, ಅಷ್ಟೇ ಅದು. ‘ನಾಟ್ ಬ್ಯಾಡ್’ ಎಂದರೆ ಕೆಟ್ಟದ್ದಲ್ಲ ಎನ್ನುವುದರ ಜೊತೆಗೆ ಚೆನ್ನಾಗಿಯೇ ಇದೆ ಎಂಬ ಒಪ್ಪಿಗೆ. ಊಟ ಹೇಗಿತ್ತು ಎಂದು ಕೇಳಿದರೆ ನಮ್ಮವರು ‘ಅಡ್ಡಿ ಇಲ್ಲ’ ಎನ್ನುವುದಿಲ್ಲವೇ? ಥೇಟ್ ಅದೇ. ‘ಹಿ ಈಸ್ ನೋ ಫೂಲ್’ ಎಂಬುದನ್ನೂ ಹಾಗೆಯೇ ಓದಬೇಕು, ಆಸಾಮಿ ಶಾಣ್ಯಾ ಇದ್ದಾನೆ ಎಂದು.

ಕೊನೆಗೆ ಅಲಿಟರೇಶನ್, ಹತ್ತಿರದ ಪದಗಳು ಒಂದೇ ಸದ್ದಿನಿಂದ ಶುರುವಾಗುವುದು; ಕಣ್ಣಿಗೆ ಅತಿ ಹೆಚ್ಚು ಮೋಸ ಮಾಡುವಂಥದ್ದು. ಎಣಿಸಬೇಕಾದದ್ದು ಅಕ್ಷರವನ್ನಲ್ಲ, ಪದದ ಮೊದಲ ಸದ್ದನ್ನು. ವೀರಯೋಧ ಎಂಬ ಅರ್ಥದ ‘ನೈಟ್’, ರಾಜ ಎಂಬ ಅರ್ಥದ ‘ಕಿಂಗ್’, ಎರಡೂ ಇಂಗ್ಲಿಷಿನಲ್ಲಿ ಕೆ ಅಕ್ಷರದಿಂದ ಶುರುವಾಗುತ್ತವೆ, ಆದರೆ ಅಲಿಟರೇಶನ್ ಅಲ್ಲ. ‘ಫೋನ್’, ‘ಫ್ಯಾನ್’ ಬೇರೆ ಬೇರೆ ಅಕ್ಷರದಿಂದ ಶುರುವಾದರೂ ಹೌದು. ಅನುಮಾನ ಬಂದರೆ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ, ಮೊದಲ ಸದ್ದು ತಾನಾಗಿಯೇ ಕಾಣುತ್ತದೆ. ಒಂದು ಎಚ್ಚರ: ನಮ್ಮ ಆದಿಪ್ರಾಸ ಪಾದದ, ಅಂದರೆ ಪದ್ಯದ ಸಾಲಿನ, ಎರಡನೆಯ ಅಕ್ಷರಕ್ಕೆ ಸೇರಿದ್ದು. ಅದಕ್ಕೆ ಒಗ್ಗಿದ ಕಿವಿ ಇಂಗ್ಲಿಷ್ ಸಾಲಿನಲ್ಲೂ ಎರಡನೆಯ ಅಕ್ಷರವನ್ನೇ ಹುಡುಕತೊಡಗುತ್ತದೆ. ಅಂಥ ಮಕ್ಕಳಿಂದ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿಸಿ, ಪ್ರತಿ ಪದದ ಮೊದಲ ಸದ್ದಿಗೆ ಮೇಜು ತಟ್ಟಲು ಹೇಳಿ.

ನಮಸ್ಕಾರ.