ಶ್ರೀನಗರಕ್ಕೆ ಮುಂಚೆ ಭರಮಸಾಗರ

ಕೇಳುಗರಿಗೆಲ್ಲ ನಮಸ್ಕಾರ.

ಅಕ್ಟೋಬರ್ ಮೊದಲ ವಾರ ನಾನು ಶ್ರೀನಗರದಿಂದ ಕನ್ಯಾಕುಮಾರಿಗೆ ಸೈಕಲ್ ಮೇಲೆ ಹೊರಡುತ್ತಿದ್ದೇನೆ. ವಯಸ್ಸು ನಲವತ್ತೆಂಟು. ಚಿತ್ರದುರ್ಗದಲ್ಲಿ ಒಂದು ಸಣ್ಣ ಅಂಗಡಿ ಇದೆ, ಎರಡು ತಿಂಗಳು ಅದನ್ನ ತಮ್ಮ ನೋಡಿಕೊಳ್ಳುತ್ತಾನೆ. ಸುದ್ದಿ ಗೊತ್ತಾದವರೆಲ್ಲ ಮೊದಲು ಕೇಳೋದು "ಕಾಲಲ್ಲಿ ಅಷ್ಟು ಶಕ್ತಿ ಐತಾ?" ಅಂತ. ನಮ್ಮವ್ವ ಮಾತ್ರ "ಬಸ್ಸು, ರೈಲು ಏನು ನಿಂತುಹೋದವಾ?" ಅಂದಳು. ಅವ್ವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಕಾಲಿನ ಪ್ರಶ್ನೆಗೆ ಇದೆ. ಕಾಲು ಹೇಗೋ ಒಗ್ಗಿಕೊಳ್ಳುತ್ತೆ ಕಣ್ರೀ, ಕೈಕೊಡೋದು ಹೊಟ್ಟೆ, ಕೂರುವ ಜಾಗ, ಆಮೇಲೆ ಟೈರು.

ಅದಕ್ಕೇ ದಾರಿಯಲ್ಲಿ ಪಡಬಹುದಾದ ಫಜೀತಿಯನ್ನೆಲ್ಲ ಊರ ಹತ್ತಿರವೇ ಒಂದೊಂದು ಸಲ ಪಟ್ಟುಬಿಡೋಣ ಅಂತ ಲೆಕ್ಕ ಹಾಕಿದ್ದೇನೆ. ಇಲ್ಲಿ ಕೆಟ್ಟು ನಿಂತರೆ ಲಗೇಜ್ ಆಟೋ ಸಿಗುತ್ತೆ. ಬೈಯುತ್ತಲೇ ಬಂದು ಕರ್ಕೊಂಡು ಹೋಗೋಕೆ ತಮ್ಮ ಇದ್ದಾನೆ.

ಮೊದಲ ಫಜೀತಿ ಗಾಳಿಯದು. ನಮ್ಮೂರಿನ ಗಾಳಿ ಎಂಥದ್ದು ಅಂತ ಜೋಗಿಮಟ್ಟಿ ಕಡೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಹೇಳುತ್ತವೆ. ಆಷಾಢದಲ್ಲಿ ಒಂದು ಭಾನುವಾರ ದಾವಣಗೆರೆಗೆ ಹೊರಟೆ, ಅರವತ್ತು ಕಿಲೋಮೀಟರ್, ಹೆದ್ದಾರಿ ಬೇರೆ ಬೆಣ್ಣೆ ಹಾಗಿದೆ, ಮೂರು ಗಂಟೆ ಸಾಕು, ಅಲ್ಲೇ ಬೆಣ್ಣೆದೋಸೆ ತಿನ್ನೋಣ ಅಂತ ಬರೀ ಒಂದು ಲೋಟ ಟೀ ಕುಡಿದು ಹತ್ತಿದೆ. ಭರಮಸಾಗರ ದಾಟುವಷ್ಟರಲ್ಲೇ ಎರಡೂವರೆ ಗಂಟೆ ಆಗಿತ್ತು. ಪಡುವಣ ಗಾಳಿ ಎದೆಗೆ ಕೈ ಇಟ್ಟು ತಳ್ಳಿದ ಹಾಗೆ ತಳ್ಳುತ್ತಿತ್ತು. ಇಳಿಜಾರಿನಲ್ಲೂ ತುಳಿಯಬೇಕು. ಆನಗೋಡು ಹತ್ತಿರ ಬಂದಾಗ ಬೆವರು ತಣ್ಣಗಾಯಿತು, ಕೈ ನಡುಗೋಕೆ ಶುರುವಾಯಿತು, ಹ್ಯಾಂಡಲ್ ಮೇಲಿನ ಬೆರಳು ನನ್ನವೇ ಅಲ್ಲ ಅನ್ನಿಸಿತು. ಇಳಿದು ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಅಂಗಡಿ ಅಜ್ಜಿ ಏನೂ ಕೇಳದೆ ಎರಡು ಶೇಂಗಾ ಚಿಕ್ಕಿ ಕೈಗಿಟ್ಟಳು. ಕಾಲು ಗಂಟೆಯಲ್ಲಿ ಲೋಕ ಮತ್ತೆ ನೆಟ್ಟಗಾಯಿತು.

ಆಗಿದ್ದು ಇಷ್ಟೇ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಖಾಲಿ. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಅರ್ಥ. ಈಗ ಹಸಿವಿರಲಿ ಬಿಡಲಿ, ಗಂಟೆಗೊಂದು ಸಲ ಒಂದು ಬಾಳೆಹಣ್ಣೋ ಒಂದು ಚಿಕ್ಕಿಯೋ ಬಾಯಿಗೆ ಹೋಗಲೇಬೇಕು. ಪಕ್ಕದ ಚಳ್ಳಕೆರೆ ಶೇಂಗಾ ಸೀಮೆ ಇರುವಾಗ ನಮಗೆ ಚಿಕ್ಕಿಗೇನು ಬರ? ಬಿಸಿಲು ಜಾಸ್ತಿ ಇದ್ದರೆ ಓಆರ್‌ಎಸ್ ಪುಡಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಅಂತ ಅದರ ಮೇಲೇ ಬರೆದಿರುತ್ತೆ, ಅರ್ಧ ಬಾಟಲಿಗೆ ಸುರಿದು ಕಷಾಯ ಮಾಡ್ಕೋಬೇಡಿ. ಬೆಣ್ಣೆದೋಸೆ ಅವತ್ತು ತಿಂದೆ, ಎರಡು ತಿಂದೆ. ಆದರೆ ಅದು ತುಳಿದು ಮುಗಿಸಿದ ಮೇಲಿನ ಊಟ, ತುಳಿಯುವ ಮುಂಚಿನದಲ್ಲ. ವಾಪಸ್ ಬರುವಾಗ ಗಾಳಿ ಬೆನ್ನಿಗಿದ್ದರೂ ಹೆಬ್ಬಾಳು ಟೋಲ್‌ವರೆಗೆ ಹೊಟ್ಟೆ ಹಿಡಿದುಕೊಂಡೇ ಬಂದೆ.

ಕೂರುವ ಜಾಗದ ವಿಷಯ ಬಾನುಲಿಯಲ್ಲಿ ಹೇಗೆ ಹೇಳೋದೋ ಗೊತ್ತಿಲ್ಲ, ಆದರೂ ಹೇಳಲೇಬೇಕು. ಒಂದು ದಿನ ನೂರಿಪ್ಪತ್ತು ಕಿಲೋಮೀಟರ್ ಹೊಡೆಯೋದು ದೊಡ್ಡದಲ್ಲ, ಮರುದಿನ ಬೆಳಿಗ್ಗೆ ಮತ್ತೆ ಅದೇ ಸೀಟಿನ ಮೇಲೆ ಕೂರೋದು ದೊಡ್ಡದು. ಅದಕ್ಕೇ ಈಗ ಮೂರು ದಿನ ಒಟ್ಟಿಗೆ ಹೋಗುತ್ತೇನೆ. ಒಂದು ದಿನ ದಾವಣಗೆರೆ, ಒಂದು ದಿನ ಹೊಳಲ್ಕೆರೆ, ಒಂದು ದಿನ ಹಿರಿಯೂರು. ಮೊದಲ ದಿನ ಮಾಡಿದ ತಪ್ಪು ಎರಡನೇ ದಿನ ಉರಿಯುತ್ತೆ. ಸೀಟಿನ ಎತ್ತರಕ್ಕೆ ಒಂದು ಸುಲಭದ ಅಳತೆ ಇದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು, ಪೆಡಲ್ಲನ್ನ ಪೂರ್ತಿ ಕೆಳಗಿಳಿಸಿ, ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಮಡಚಿರುತ್ತೆ. ನಾನು ಇಪ್ಪತ್ತು ವರ್ಷ ಎರಡು ಇಂಚು ತಗ್ಗಿನಲ್ಲಿ ಕೂತು ತುಳಿದು, ಮಂಡಿ ನೋವಿಗೆ ವಯಸ್ಸನ್ನ ಬೈಯುತ್ತಿದ್ದೆ. ಇನ್ನು ಮೆತ್ತೆ ಇರುವ ಸೈಕಲ್ ಚಡ್ಡಿ ಹಾಕಿದರೆ ಒಳಗೆ ಇನ್ನೇನೂ ಹಾಕಬಾರದು. ಇದನ್ನ ಅಂಗಡಿಯವರು ಹೇಳಲ್ಲ, ನಾನು ಹೇಳ್ತಿದ್ದೇನೆ. ಕೊಬ್ಬರಿ ಎಣ್ಣೆ ಸಣ್ಣ ಡಬ್ಬಿ ಜೊತೆಗಿರಲಿ.

ಈಗ ಟೈರು. ಇದರಲ್ಲಿ ನನ್ನ ಮರ್ಯಾದೆ ಹೋದದ್ದು ನಮ್ಮ ಬೀದಿಯ ಪಂಕ್ಚರ್ ಚಾಚಾ ಮುಂದೆ. ನನ್ನದು ಗೇರ್ ಸೈಕಲ್. ಮಾತಿನಲ್ಲಿ 28 ಇಂಚು ಅಂತಾರೆ, ನಮ್ಮಪ್ಪನ ಕಾಲದ ಕರೀ ಸೈಕಲ್ಲಿಗೂ 28 ಇಂಚು ಅಂತಲೇ ಅಂತಾರೆ. ಎರಡೂ ಒಂದೇ ಅಂದ್ಕೊಂಡು ಹೆಚ್ಚುವರಿಗೆ ಇರಲಿ ಅಂತ ಒಂದು ಕರೀ ಟೈರ್ ತಂದೆ. ಚಾಚಾ ಅದನ್ನ ಒಂದು ಕಡೆಯಿಂದ ರಿಮ್ಮಿಗೆ ಕೂರಿಸಿದರು, ಇನ್ನೊಂದು ಕಡೆ ಲಂಗದ ಹಾಗೆ ಜೋತುಬಿತ್ತು. "ಏನ್ರೀ ಅಣ್ಣಾ, ಅಂಚಿನ ಮೇಲೆ ಬರೆದದ್ದು ಓದಲ್ವಾ?" ಅಂದರು. ಹಳೇ ಗೋಣಿ ಮೇಲೆ ಎರಡೂ ಟೈರ್ ಮಲಗಿಸಿ, ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಅಂಚಿನ ಧೂಳು ಒರೆಸಿ ತೋರಿಸಿದರು. ಕರೀ ಟೈರಿನ ಮೇಲೆ 635, ನನ್ನದರ ಮೇಲೆ 622. ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ಅಡ್ಡಳತೆ, ಮಿಲಿಮೀಟರಿನಲ್ಲಿ. ಹದಿಮೂರು ಮಿಲಿಮೀಟರ್ ವ್ಯತ್ಯಾಸ, ಏನು ಮಾಡಿದರೂ ಕೂರಲ್ಲ. ಹಳ್ಳಿ ಅಂಗಡಿಗಳಲ್ಲಿ ಸಿಗೋದು ಹೆಚ್ಚಾಗಿ ಆ ಕರೀ ಟೈರೇ. ಹಾಗಾಗಿ ನನ್ನ ಅಳತೆಯ ಒಂದು ಟೈರ್, ಮೂರು ಟ್ಯೂಬ್ ನಾನೇ ಹೊರಬೇಕು.

ವಾಲ್ವ್ ಕಥೆಯೂ ಹೀಗೇ. ದಪ್ಪ ವಾಲ್ವ್ ಇದ್ದರೆ ಬೈಕಿಗೆ ಗಾಳಿ ಹಾಕುವ ಯಾವ ಅಂಗಡಿಯಲ್ಲೂ ನಡೆಯುತ್ತೆ. ಪೆನ್ಸಿಲ್ ಥರ ಸಣ್ಣದು ಇದ್ದರೆ, ಅದರ ಮೇಲೆ ತಿರುಗಿಸಿ ದಪ್ಪ ವಾಲ್ವ್ ಥರ ಮಾಡುವ ಒಂದು ಹಿತ್ತಾಳೆ ಟೋಪಿ ಬೇಕು, ಬೆಲೆಯೇನೂ ಜಾಸ್ತಿ ಇಲ್ಲ. ಕಳೆದುಹೋಗುವುದೇ ಅದರ ಹುಟ್ಟುಗುಣ, ನಾಲ್ಕು ತಗೊಳ್ಳಿ.

ಪಂಕ್ಚರ್ ಹಾಕೋದನ್ನ ಚಾಚಾ ಎರಡು ವಾರ ಕಲಿಸಿದರು. ಟ್ಯೂಬಿನ ತೂತು ಸಿಕ್ಕ ತಕ್ಷಣ ಕೆಲಸ ಮುಗೀತು ಅಂದ್ಕೋಬಾರದು. ಟೈರಿನ ಒಳಗಡೆ ಬೆರಳು ಆಡಿಸಬೇಕು, ನಿಧಾನಕ್ಕೆ, ಒಂದು ಸುತ್ತು ಪೂರ್ತಿ. ನಮ್ಮ ಹೊಲದ ದಾರಿಯಲ್ಲಾದರೆ ಜಾಲಿ ಮುಳ್ಳು. ಹೆದ್ದಾರಿಯಲ್ಲಾದರೆ ಲಾರಿ ಟೈರ್ ಸಿಡಿದು ಬಿದ್ದ ಕೂದಲಂಥ ಉಕ್ಕಿನ ತಂತಿ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಚುಚ್ಚುತ್ತೆ. ಅದನ್ನ ಕೀಳದೆ ಹೊಸ ಟ್ಯೂಬ್ ಹಾಕಿದರೆ ಎರಡು ಕಿಲೋಮೀಟರಿಗೆ ಮತ್ತೆ ಪುಸ್ ಅನ್ನುತ್ತೆ. ಪೆಡಲ್ ಬಿಚ್ಚೋದೂ ಕಲಿತೆ, ಯಾಕಂದ್ರೆ ದಾವಣಗೆರೆಯಲ್ಲಿ ರೈಲಿಗೆ ಹಾಕುವ ಮುಂಚೆ ಸೈಕಲ್ಲನ್ನ ಬಿಚ್ಚಿ ರಟ್ಟಿನ ಡಬ್ಬಿಗೆ ತುಂಬಬೇಕು. ಬಲಗಡೆ ಪೆಡಲ್ ಎಲ್ಲ ನಟ್ಟಿನ ಹಾಗೆ ಬಿಚ್ಚುತ್ತೆ. ಎಡಗಡೆಯದು ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಗೊತ್ತಿಲ್ಲದೆ ನಾನೂ ತಮ್ಮನೂ ಸೇರಿ ಅರ್ಧ ಗಂಟೆ ಅದನ್ನ ಇನ್ನೂ ಬಿಗಿ ಮಾಡಿದ್ದೆವು.

ದಾರಿ ಲೆಕ್ಕ ಹೆಚ್ಚೇನಿಲ್ಲ. 44ನೇ ರಾಷ್ಟ್ರೀಯ ಹೆದ್ದಾರಿ, ಸುಮಾರು 3,700 ಕಿಲೋಮೀಟರ್, ದಿನಕ್ಕೆ 80ರಂತೆ ನಲವತ್ತಾರು ನಲವತ್ತೇಳು ದಿನ, ವಾರಕ್ಕೊಂದು ದಿನ ಬಟ್ಟೆ ಒಗೆಯೋಕೆ. ತಿಂಗಳು ಆರಿಸೋದೇ ಕಷ್ಟ. ಬೇಗ ಹೊರಟರೆ ಮಳೆ. ತಡವಾದರೆ ಪಂಜಾಬು, ಹರಿಯಾಣದಲ್ಲಿ ಭತ್ತದ ಕೂಳೆ ಸುಡುವ ಹೊಗೆ, ಇನ್ನೂ ತಡವಾದರೆ ಅಲ್ಲಿನ ಮಂಜು. ಅಕ್ಟೋಬರ್ ಮೊದಲಲ್ಲೇ ಇಳಿದರೆ ಹೊಗೆ ದಟ್ಟವಾಗುವ ಮುಂಚೆ ದೆಹಲಿ ದಾಟಬಹುದು. ಆದರೆ ನವೆಂಬರ್ ಕೊನೆಗೆ ತಮಿಳುನಾಡಿನಲ್ಲಿ ಹಿಂಗಾರು ಮಳೆ ಕಾಯ್ತಿರುತ್ತೆ. ಹೊಗೆ ಕುಡಿಯೋದಕ್ಕಿಂತ ನೆನೆಯೋದೇ ವಾಸಿ.

ಅನಂತಪುರಕ್ಕೆ ಬಂದಾಗ ಚಳ್ಳಕೆರೆ ಮೇಲಿಂದ ಮನೆಗೆ ಎರಡೇ ದಿನದ ದಾರಿ. ಬಂದು ಹೋಳಿಗೆ ಉಂಡು ಹೋಗಿ ಅಂತಾರೆ ನಮ್ಮ ಮನೆಯವರು. ಉಂಡ ಮೇಲೆ ಮತ್ತೆ ಸೈಕಲ್ ಹತ್ತುತ್ತೇನೆ ಅನ್ನೋ ನಂಬಿಕೆ ನನಗಿಲ್ಲ, ಅದಕ್ಕೇ ಅನಂತಪುರದಿಂದ ನೇರ ಬೆಂಗಳೂರು.

1923ರಲ್ಲಿ ಮುಂಬೈಯಿಂದ ಆರು ಹುಡುಗರು ಸೈಕಲ್ ಮೇಲೆ ಲೋಕ ಸುತ್ತೋಕೆ ಹೊರಟರು. 1928ರಲ್ಲಿ ಸುತ್ತು ಮುಗಿಸಿ ಬಂದವರು ಮೂವರು, ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್ಗರಾ. ಅವ್ವನಿಗೆ ಇದನ್ನ ಹೇಳಿದೆ. "ಉಳಿದ ಮೂವರು ಏನಾದರು?" ಅಂತ ಕೇಳಿದಳು. ದಾರಿ ಮಧ್ಯೆ ಬಿಟ್ಟರು ಅಂದೆ. "ಅವರೇ ಬುದ್ಧಿವಂತರು" ಅಂದಳು.

ಮುಂದಿನ ಭಾನುವಾರ ಪೂರ್ತಿ ಹೊರೆ ಕಟ್ಟಿಕೊಂಡು, ಹನ್ನೆರಡು ಕೆಜಿ, ಹಿರಿಯೂರಿಗೆ ಹೋಗಿ ಬರುತ್ತಿದ್ದೇನೆ. ಬೆಳಿಗ್ಗೆ ಐದೂವರೆಗೆ ಗಾಂಧಿ ಸರ್ಕಲ್‌ನಲ್ಲಿ ಇರುತ್ತೇನೆ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಮುಖಕ್ಕೆ, ಮೊದಲೇ ಹೇಳಿದ್ದೇನೆ. ಬರುವವರು ಬನ್ನಿ, ಪಂಪ್ ಒಂದು ಜಾಸ್ತಿ ತಂದಿರುತ್ತೇನೆ. ತಿಂಡಿ ಮಾತ್ರ ತಿಂದೇ ಬನ್ನಿ.